ಒಳಗಿನಿಂದ ಹಾಕುವ ಚಿಲಕ

ಮನೆಯಿಲ್ಲದ ಒಬ್ಬರು ತಮ್ಮ ಎಚ್‌ಐವಿ ಮಾತ್ರೆ ಡಬ್ಬಿಯೊಳಗೆ ಹತ್ತಿ ತುರುಕಿಟ್ಟಿದ್ದರು. ನಡೆಯುವಾಗ ಸದ್ದಾಗಬಾರದು ಅಂತ. 30 ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ಚೀಲದಲ್ಲಿದ್ದರೆ ಒಂದೊಂದು ಹೆಜ್ಜೆಗೂ ಗಿಲಿಗಿಲಿ ಅನ್ನುತ್ತದೆ. ಹತ್ತಿಪ್ಪತ್ತು ಜನ ಒಟ್ಟಿಗೆ ಮಲಗುವ ಕಡೆ ಅಷ್ಟು ಸಾಕು, ಯಾರಾದರೂ "ಏನಣ್ಣ ಅದು" ಅಂತ ಕೇಳಿಯೇ ಕೇಳುತ್ತಾರೆ. ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದಿದ್ದರು. ಅಂಟು ಮಾತ್ರ ಉಳಿದು, ಅದಕ್ಕೆ ಧೂಳು ಮೆತ್ತಿ ಡಬ್ಬಿಯ ಒಂದು ಬದಿ ಕಪ್ಪಗಾಗಿತ್ತು. ತೇವ ಹೀರಲಿ ಅಂತ ಒಳಗೆ ಒಂದು ಪುಟ್ಟ ಪೊಟ್ಟಣ ಹಾಕಿರುತ್ತಾರಲ್ಲ, ಹತ್ತಿಗೆ ಜಾಗ ಬೇಕಾಗಿ ಅದನ್ನು ಬಿಸಾಡಿದ್ದರು. ಹಿಂದಿನ ವಾರದ ಮಳೆಗೆ ಚೀಲ ನೆನೆದಿತ್ತು. ಹತ್ತಿ ನೀರು ಕುಡಿದು, ಕೆಳಗಿದ್ದ ಮಾತ್ರೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

"ಹದಿನೈದು ದಿನ ಆಯ್ತು ಅಕ್ಕಾ, ತಗೊಂಡಿಲ್ಲ" ಅಂದರು. ಮುಖ ಬೇರೆ ಕಡೆ ತಿರುಗಿಸಿಕೊಂಡು ಅಂದರು.

ಅವರ ಫೈಲಿನಲ್ಲಿ ಇದ್ದದ್ದು ಒಂದೇ ಸಾಲು. ರೋಗಿ ಸರಿಯಾಗಿ ಸಹಕರಿಸುತ್ತಿಲ್ಲ.

ಎಚ್‌ಐವಿ ಇರುವವರನ್ನು ಅವರು ಇರುವಲ್ಲಿಗೇ ಹೋಗಿ ಕಾಣುವುದು, ಚಿಕಿತ್ಸೆ ಬಿಟ್ಟವರನ್ನು ಮತ್ತೆ ಸೇರಿಸುವುದು, ತಲೆ ಮೇಲೊಂದು ಸೂರು ಹುಡುಕಿಕೊಡುವುದು ನಾನು ಮಾಡುವ ಕೆಲಸ. ಮೊದಲ ಎರಡು ವರ್ಷ ನಾನೂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಯಾಕೆ ಮಾತ್ರೆ ತಗೋತಿಲ್ಲ? ಆ ಡಬ್ಬಿ ಕೈಯಲ್ಲಿ ಹಿಡಿದ ಮೇಲೆ ಪ್ರಶ್ನೆ ಬದಲಾಯಿತು. ಈಗ ಮೊದಲು ಕೇಳುವುದು, ರಾತ್ರಿ ಎಲ್ಲಿ ಮಲಗ್ತೀರಿ? ಮಾತ್ರೆ ಎಲ್ಲಿ ಇಡ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಮೂರನೆಯದನ್ನು ಕೇಳುವ ಅಗತ್ಯವೇ ಬರುವುದಿಲ್ಲ.

ಎಚ್‌ಐವಿ ಮಾತ್ರೆಗೆ ಬಿಡುವು ಅನ್ನುವುದು ಇಲ್ಲ. ದಿನಾ ತಗೋಬೇಕು, ಬದುಕಿರುವವರೆಗೂ ತಗೋಬೇಕು. ಮೇಲಿಂದ ಮೇಲೆ ತಪ್ಪಿದರೆ ರಕ್ತದಲ್ಲಿ ಔಷಧಿ ಕಡಿಮೆಯಾಗುತ್ತದೆ, ವೈರಸ್ ಮತ್ತೆ ಹೆಚ್ಚುತ್ತದೆ, ಹೆಚ್ಚುವಾಗ ರೂಪ ಬದಲಿಸಿಕೊಂಡು ಆ ಔಷಧಿಗೆ ಬಗ್ಗದ ಹಾಗೆ ಆಗಿಬಿಡಬಹುದು. ಇದನ್ನೆಲ್ಲ ಕೌನ್ಸೆಲಿಂಗ್‌ನಲ್ಲಿ ಚೆನ್ನಾಗಿಯೇ ಹೇಳುತ್ತಾರೆ. ಆದರೆ ಮಾತ್ರೆಗೂ ಒಂದು ಮನೆ ಬೇಕು ಅಂತ ಯಾರೂ ಹೇಳುವುದಿಲ್ಲ. ಒಣಗಿದ ಒಂದು ಶೆಲ್ಫು, ಒಂದು ಲೋಟ ನೀರು, ಯಾರೂ ನೋಡದ ಎರಡು ನಿಮಿಷ. ಮನೆಯಿರುವ ನಮಗೆ ಇವು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಹಳೆಯ ಔಷಧಿಗಳನ್ನೇ ನೋಡಿ. ಲೋಪಿನಾವಿರ್ ಮತ್ತು ರಿಟೊನಾವಿರ್ ಸೇರಿದ ಕ್ಯಾಪ್ಸೂಲನ್ನು ಫ್ರಿಜ್‌ನಲ್ಲಿ ಇಡಬೇಕಿತ್ತು. ಫ್ರಿಜ್ ಬೇಡದ ಮಾತ್ರೆ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಬೀದಿಯಲ್ಲಿ ಮಲಗುವವರು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕಿತ್ತು? ಇನ್ನು ಎಫಾವಿರೆಂಜ್. ತುಂಬಾ ವರ್ಷ ಬಹಳಷ್ಟು ಜನ ನುಂಗಿದ ಮಾತ್ರೆ ಅದು. ಮಲಗುವ ಹೊತ್ತಿಗೆ ತಗೊಳ್ಳಿ ಅನ್ನುತ್ತಿದ್ದರು, ಯಾಕೆಂದರೆ ತಲೆ ಸುತ್ತುತ್ತದೆ, ಮಂಪರು ಕವಿಯುತ್ತದೆ, ಕನಸುಗಳು ನಿಜದ ಹಾಗೆ ಎದ್ದು ಬರುತ್ತವೆ. ಬೀದಿಯಲ್ಲಿ ಮಲಗುತ್ತಿದ್ದ ಒಬ್ಬ ಹೆಂಗಸು ಆ ಮಾತ್ರೆಯನ್ನು ಬೇಕಂತಲೇ ಬಿಟ್ಟಿದ್ದರು. "ಅದು ತಗೊಂಡ್ರೆ ಯಾರು ಪಕ್ಕಕ್ಕೆ ಬಂದ್ರೂ ಎಚ್ಚರ ಆಗಲ್ಲ ಅಕ್ಕಾ. ನಂಗೆ ಎಚ್ಚರ ಬೇಕು" ಅಂದಿದ್ದರು. ಅವರ ಲೆಕ್ಕ ತಪ್ಪು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ವೈರಸ್ ಮನುಷ್ಯನನ್ನು ಕೊಲ್ಲಲು ವರ್ಷಗಳು ಬೇಕು. ಅವರ ಭಯ ಆ ರಾತ್ರಿಯದು.

ಈಗ ಡೊಲುಟೆಗ್ರಾವಿರ್ ಇದೆ. 2018ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಮೊದಲು ಕೊಡಿ ಅನ್ನುತ್ತಿದೆ. ಮೊದಲಿನಷ್ಟು ಕಾಟ ಇಲ್ಲ. ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ನೂ ಬಂದಿದೆ. ಡಬ್ಬಿ ಬಚ್ಚಿಡುವ ಕಷ್ಟ ಅದರಲ್ಲಿ ತಪ್ಪುತ್ತದೆ, ನಿಜ. ಆದರೆ ಎರಡು ತಿಂಗಳ ನಂತರ ಆ ಮನುಷ್ಯ ಎಲ್ಲಿರುತ್ತಾರೆ ಅಂತ ಗೊತ್ತಿರಬೇಕಲ್ಲ? ಹೋದ ಸಲ ಸಿಕ್ಕ ಜಾಗದಿಂದ ಅವರನ್ನು ಎಬ್ಬಿಸಿ ಓಡಿಸಿದ್ದರೆ, ಫೋನ್ ಕಳೆದಿದ್ದರೆ, ಇಂಜೆಕ್ಷನ್ ಹಿಡಿದುಕೊಂಡು ನಾವು ಯಾರನ್ನು ಹುಡುಕುವುದು?

ಮನೆಯೂ ಔಷಧಿಯೇ ಅಂದರೆ ಕೆಲವರಿಗೆ ಅದು ಭಾವುಕ ಮಾತಿನ ಹಾಗೆ ಕೇಳಿಸುತ್ತದೆ. ಹಾಗೇನಿಲ್ಲ, ಅಳೆದು ನೋಡಿದ್ದಾರೆ. ಶಿಕಾಗೋದಲ್ಲಿ ಆಸ್ಪತ್ರೆ ಸೇರಿದ್ದ, ಮನೆಯಿಲ್ಲದ, ಎಚ್‌ಐವಿ ಇದ್ದ 105 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಾಯಂ ಆಗಿ ಇರಲು ಜಾಗ, ಜೊತೆಗೆ ಬಂದು ವಿಚಾರಿಸಿಕೊಳ್ಳುವ ಕೇಸ್ ವರ್ಕರ್. ಇನ್ನೊಂದು ಗುಂಪಿಗೆ ಎಂದಿನ ಹಾಗೆ, ಡಿಸ್ಚಾರ್ಜ್ ಆದ ಮೇಲೆ ಅವರವರ ದಾರಿ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಮೇಲೆ ಬದುಕಿದ್ದು, ದೇಹದ ರೋಗ ತಡೆಯುವ ಶಕ್ತಿಯನ್ನೂ ಉಳಿಸಿಕೊಂಡವರು ಮನೆ ಸಿಕ್ಕ ಗುಂಪಿನಲ್ಲಿ ಶೇ. 55. ಇನ್ನೊಂದರಲ್ಲಿ ಶೇ. 34. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದವರು ಮನೆ ಸಿಕ್ಕವರಲ್ಲಿ ಶೇ. 36, ಸಿಗದವರಲ್ಲಿ ಶೇ. 19.

ಆ 36 ನೋಡಿ ನನಗೆ ಸಮಾಧಾನ ಆಗುವುದಿಲ್ಲ. ಮನೆ ಸಿಕ್ಕವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವೈರಸ್ ಹತೋಟಿಗೆ ಬಂದಿರಲಿಲ್ಲ. ಕೀಲಿ ಕೈಗೆ ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ ಅಂತ ಆ ಸಂಖ್ಯೆಯೇ ಹೇಳುತ್ತದೆ. ಆದರೆ ಕೀಲಿ ಇಲ್ಲದೆ ಶುರುವೇ ಆಗುವುದಿಲ್ಲ ಅಂತ ಪಕ್ಕದ 19 ಹೇಳುತ್ತದೆ.

ಮೊದಲೆಲ್ಲ ಈ ಕಾಯಿಲೆಗೆ ಮನೆ ಅಂದರೆ ಸಾಯಲು ಒಂದು ಮರ್ಯಾದೆಯ ಜಾಗ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಕಾನ್ವೆಂಟ್ ಕಟ್ಟಡವೊಂದರಲ್ಲಿ ಕಮಿಂಗ್ ಹೋಮ್ ಹಾಸ್ಪಿಸ್ ತೆರೆದರು. ಸಿಯಾಟಲ್‌ನಲ್ಲಿ ಬೇಲಿ-ಬೂಶೇ ಹೌಸ್ 1992ರಲ್ಲಿ ಬಂತು. ಬಾಡಿಗೆ ಮನೆಯಿಂದ ಹೊರಹಾಕಿಸಿಕೊಂಡ, ಸ್ವಂತದವರು ಬಾಗಿಲು ಮುಚ್ಚಿದ ಹುಡುಗರು ಕೊನೆಯ ಕೆಲವು ವಾರ ಹಾಸಿಗೆಯ ಮೇಲೆ, ಯಾರದ್ದೋ ಕೈ ಹಿಡಿದು ಕಳೆಯಲಿ ಅನ್ನುವುದಷ್ಟೇ ಆಗಿನ ಆಸೆ. ನ್ಯೂಯಾರ್ಕ್‌ನಲ್ಲಿ ಏಡ್ಸ್ ಹೋರಾಟಕ್ಕೆ ಇಳಿದಿದ್ದ ಕೆಲವರು 1990ರಲ್ಲಿ ಹೌಸಿಂಗ್ ವರ್ಕ್ಸ್ ಅನ್ನುವ ವಸತಿ ಸಂಸ್ಥೆ ಕಟ್ಟಿದರು. ಅವರಲ್ಲಿ ಒಬ್ಬರಾದ ಕೀತ್ ಸೈಲರ್ ಸ್ವತಃ ಎಚ್‌ಐವಿ ಜೊತೆ ಬದುಕಿದವರು. ಅಮೆರಿಕದಲ್ಲಿ ಈ ಕಾಯಿಲೆ ಇರುವವರ ವಸತಿಗಾಗಿಯೇ ಪ್ರತ್ಯೇಕ ಹಣ ಇಡುವ ಕಾನೂನು ಬಂದದ್ದೂ ಅದೇ ವರ್ಷ.

ಆಮೇಲೆ 1996 ಬಂತು. ಮೂರು ಔಷಧಿ ಒಟ್ಟಿಗೆ ಕೊಟ್ಟರೆ ವೈರಸ್ ಅಡಗುತ್ತದೆ ಅಂತ ಆ ಜುಲೈನಲ್ಲಿ ವ್ಯಾಂಕೂವರ್‌ನ ಏಡ್ಸ್ ಸಮ್ಮೇಳನದಲ್ಲಿ ಜಗತ್ತಿಗೆ ಗೊತ್ತಾಯಿತು. ಸಾಯಲು ಬಂದು ಮಲಗಿದ್ದ ಎಷ್ಟೋ ಜನ ಎದ್ದು ಕೂತರು. ಇದನ್ನು ನಾನು ಎಷ್ಟು ಸಲ ನೆನೆದುಕೊಂಡರೂ ಮೈ ಜುಮ್ಮೆನ್ನುತ್ತದೆ. ಕೊನೆಯ ಕೆಲವು ವಾರಕ್ಕೆ ಅಂತ ಇಟ್ಟುಕೊಂಡಿದ್ದ ಹಾಸಿಗೆಗಳು ಈಗ ಬೇಡ. ಬೇಕಾದದ್ದು ಇಪ್ಪತ್ತು, ಮೂವತ್ತು ವರ್ಷಕ್ಕೆ ಮನೆ. ಬಾಡಿಗೆ, ಕೆಲಸ, ಕಣ್ಣು ಮಂಜಾದಾಗ ಕನ್ನಡಕ, ಮಂಡಿ ನೋವು ಬಂದಾಗ ಮೆಟ್ಟಿಲಿಲ್ಲದ ಕೋಣೆ. ಬದುಕುತ್ತಾರೆ ಅಂತ ಆದಮೇಲೆ ಬದುಕಲು ಬೇಕಾದ ಎಲ್ಲವೂ ಬೇಕು. ಔಷಧಿ ಓಡಿದಷ್ಟು ಜೋರಾಗಿ ವಸತಿ ಓಡಲಿಲ್ಲ ಅಂತಲೇ ನನ್ನ ಸಂಕಟ.

ಇನ್ನೊಂದು ವಿಷಯ ಇದೆ, ಅದರಲ್ಲಿ ನಾನು ರಾಜಿ ಆಗುವುದಿಲ್ಲ. ಎಷ್ಟೋ ಕಡೆ ಮನೆಯನ್ನು ಬಹುಮಾನದ ಹಾಗೆ ಇಟ್ಟಿರುತ್ತಾರೆ. ಮೊದಲು ಕುಡಿತ ಬಿಡು, ಆರು ತಿಂಗಳು ತಪ್ಪದೆ ಮಾತ್ರೆ ತಗೋ, ಒಳ್ಳೆಯವನು ಅನಿಸಿಕೋ, ಆಮೇಲೆ ಕೋಣೆ ಕೊಡುತ್ತೇವೆ. ನೆನೆದ ಚೀಲದಲ್ಲಿ ಡಬ್ಬಿ ಇಟ್ಟುಕೊಂಡು ಓಡಾಡುವವರಿಗೆ ಹೇಳುವ ಮಾತೇ ಇದು? 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞರು, ಬೀದಿಯಲ್ಲಿದ್ದ ಮಾನಸಿಕ ಕಾಯಿಲೆಯವರ ವಿಷಯದಲ್ಲಿ, ಈ ಕ್ರಮವನ್ನೇ ತಿರುವಿಹಾಕಿದರು. ಮೊದಲು ಮನೆ, ಷರತ್ತಿಲ್ಲದೆ. ಉಳಿದದ್ದು ಆಮೇಲೆ, ಆ ಮನೆಯಲ್ಲಿ ಕೂತು. ಆ ಕೆಲಸ ನಡೆಯಿತು, ಜನ ಮನೆ ಉಳಿಸಿಕೊಂಡರು. ಎಚ್‌ಐವಿ ಕೆಲಸದಲ್ಲೂ ಇದಕ್ಕಿಂತ ಬೇರೆ ದಾರಿ ನನಗೆ ಕಾಣುವುದಿಲ್ಲ.

ಮನೆಗೆ ಮುಂಚೆ ಮನುಷ್ಯ ಸಿಗಬೇಕಲ್ಲ. ಅದು ಔಟ್‌ರೀಚ್. ನಮ್ಮ ಕೈಗೆ ಒಂದು ಪಟ್ಟಿ ಬರುತ್ತದೆ, ಸಂಪರ್ಕ ತಪ್ಪಿದವರದ್ದು. ಅದರಲ್ಲಿ ವಿಳಾಸದ ಜಾಗದಲ್ಲಿ ಏನೇನೋ ಇರುತ್ತದೆ. ಯಾರದ್ದೋ ಕೇರಾಫ್, ಕೆಡವಿಹಾಕಿದ ಕಟ್ಟಡದ ಹೆಸರು, ಇಲ್ಲದ ನಂಬರ್. ಹುಡುಕಿಕೊಂಡು ಹೋಗುತ್ತೇವೆ. ಮೊದಲ ದಿನವೇ ಎಚ್‌ಐವಿ ಅನ್ನುವ ಮಾತು ಬಾಯಿಂದ ಬರಬಾರದು. ಎರಡನೆಯ ದಿನವೂ ಬರಬಾರದು. ಅವರು ಮಲಗುವ ಜಾಗ, ಅದು ರಟ್ಟಿನ ಹಾಳೆಯೇ ಇರಲಿ, ಅವರ ಮನೆ. ಕೂರಬಹುದಾ ಅಂತ ಕೇಳಿ ಕೂರಬೇಕು. ನಿಂತು ಮಾತಾಡಬಾರದು. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಹೋಗಬೇಕು, ಅವರು ಮುಖ ಕೊಟ್ಟು ಮಾತಾಡದಿದ್ದರೂ. ಒಬ್ಬರು ನನ್ನ ಜೊತೆ ಮೊದಲ ಮಾತು ಆಡಿದ್ದು ಹನ್ನೊಂದನೆಯ ವಾರ. "ಹೋದ ವಾರ ಬರ್ಲಿಲ್ಲ ನೀವು" ಅಂದರು. ಆ ವಾರ ನನಗೆ ಜ್ವರ ಬಂದಿತ್ತು.

ಕೆಂಪು ರಿಬ್ಬನ್ ನಿಮಗೆಲ್ಲ ಗೊತ್ತು. 1991ರಲ್ಲಿ ನ್ಯೂಯಾರ್ಕ್‌ನ ಕಲಾವಿದರು ಸೇರಿ ಮಾಡಿದ್ದು. ಸತ್ತವರಿಗಾಗಿ, ಬದುಕಿರುವವರ ಜೊತೆ ನಿಲ್ಲುವುದಕ್ಕಾಗಿ. ಡಿಸೆಂಬರ್ 1ರ ಏಡ್ಸ್ ದಿನದಂದು ನಾನೂ ಎದೆಗೆ ಸಿಕ್ಕಿಸಿಕೊಳ್ಳುತ್ತೇನೆ. ಆದರೆ ಅದೇ ರಿಬ್ಬನ್ ಅಂಟಿಸಿದ ಗಾಡಿ ಒಬ್ಬರ ಬಾಗಿಲ ಮುಂದೆ ಹತ್ತು ನಿಮಿಷ ನಿಂತರೆ, ಇಡೀ ಬೀದಿಗೆ ವಿಷಯ ಗೊತ್ತಾಗಿಬಿಡುತ್ತದೆ. ನಾವು ಫೀಲ್ಡ್‌ಗೆ ಹೋಗುವಾಗ ಗುರುತು ಇರುವ ಜಾಕೆಟ್ ಹಾಕುವುದಿಲ್ಲ. ಗಾಡಿಯ ಮೇಲೆ ಏನೂ ಬರೆದಿರುವುದಿಲ್ಲ. ಸಹಾಯ ಮಾಡುವವರ ಹೆಸರು ಎಲ್ಲಿಯೂ ಕಾಣದಿದ್ದರೆ ಸಹಾಯ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹೇಳಲೇಬೇಕು. ಒಬ್ಬ ಹೆಣ್ಣುಮಗಳು ಮಾತ್ರೆ ಒಯ್ಯಲು ಬರಬೇಕಾದ ದಿನ ತಪ್ಪಿಸಿಕೊಂಡಿದ್ದರು, ಫೋನ್ ಮಾಡಿದೆ. ಆ ಕಡೆ ಹೆಣ್ಣು ದನಿ. ಅವರೇ ಅಂದುಕೊಂಡು, "ಮಾತ್ರೆ ಮುಗಿದಿರಬೇಕಲ್ಲ, ಯಾಕೆ ಬರಲಿಲ್ಲ" ಅಂತ ಎಲ್ಲಿಂದ ಮಾತಾಡುತ್ತಿದ್ದೇನೆ ಅನ್ನುವುದನ್ನೂ ಸೇರಿಸಿ ಹೇಳಿಬಿಟ್ಟೆ. ಆ ದನಿ ಅವರ ನಾದಿನಿಯದು. ಅವತ್ತು ಸಂಜೆಯೇ ಅವರ ಬಟ್ಟೆಬರೆ ಹೊರಗೆ ಬಿತ್ತು. ಎರಡು ಮಕ್ಕಳನ್ನು ಕರೆದುಕೊಂಡು ಒಂದು ಚೀಲ ಹಿಡಿದು ಅವರು ನಮ್ಮಲ್ಲಿಗೆ ಬಂದಾಗ ನನಗೆ ತಲೆ ಎತ್ತಲು ಆಗಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುವುದು ಸುಲಭ ಇತ್ತು. ಅವರಿಗೆ ಇರಲು ಜಾಗ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಈಗ ಹೊಸಬರು ಸಿಕ್ಕಾಗ ಮೊದಲೇ ಕೇಳಿಟ್ಟುಕೊಳ್ಳುತ್ತೇನೆ, ಫೋನ್ ಬೇರೆಯವರು ತೆಗೆದರೆ ನಾನು ಯಾರು ಅಂತ ಹೇಳಲಿ? ಒಬ್ಬರಿಗೆ ನಾನು ಹೊಲಿಗೆ ಕ್ಲಾಸಿನ ಗೆಳತಿ. ಇನ್ನೊಬ್ಬರಿಗೆ ಹಳೆಯ ಟೀಚರ್.

ಭಾರತದ ಎಚ್‌ಐವಿ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಈ ಸೋಂಕು ಇದೆ ಅನ್ನುವ ಕಾರಣಕ್ಕೆ ಬಾಡಿಗೆಗೆ ಮನೆ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಹೆಂಗಸರನ್ನು, 18 ವರ್ಷದೊಳಗಿನವರನ್ನು ಅವರು ಇರುವ ಕುಟುಂಬದ ಮನೆಯಿಂದ ಹೊರಹಾಕುವ ಹಾಗೂ ಇಲ್ಲ. ಅವರ ಒಪ್ಪಿಗೆ ಇಲ್ಲದೆ ವಿಷಯ ಬಾಯಿಬಿಡುವ ಹಾಗೂ ಇಲ್ಲ. ಒಳ್ಳೆಯ ಕಾನೂನು. ಆದರೆ ರಾತ್ರಿ ಎಂಟು ಗಂಟೆಗೆ ಮೆಟ್ಟಿಲ ಮೇಲೆ ಬಟ್ಟೆ ಬಿದ್ದಾಗ ಕಾನೂನಿಗಿಂತ ಮೊದಲು ಬೇಕಾಗುವುದು ಆ ರಾತ್ರಿಗೊಂದು ಕೋಣೆ. ಕಾನೂನಿನ ಹೋರಾಟ ಮಾಡಲೂ ಎಲ್ಲಾದರೂ ಇದ್ದುಕೊಂಡು ಮಾಡಬೇಕು.

ಮನೆ ಮಾಲೀಕರ ಜೊತೆ ನಾವು ಕಾಯಿಲೆಯ ಮಾತೇ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇಲ್ಲ. ಒಂದು ಸಲ ಮಾತ್ರ ಹೇಗೋ ಒಬ್ಬರ ಕಿವಿಗೆ ಬಿತ್ತು. ಬಾತ್‌ರೂಮ್ ಬೇರೆ ಬೇಕು ಅಂದರು. ಒಂದು ಗಂಟೆ ಕೂತು ಹೇಳಿದೆ. ಬಾತ್‌ರೂಮಿನಿಂದ ಬರುವುದಿಲ್ಲ, ತಟ್ಟೆ ಲೋಟದಿಂದ ಬರುವುದಿಲ್ಲ, ಕೆಮ್ಮಿನಿಂದ, ಸೊಳ್ಳೆಯಿಂದ ಬರುವುದಿಲ್ಲ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕೆಳಗಿದ್ದರೆ ಲೈಂಗಿಕ ಸಂಬಂಧದಿಂದ ಕೂಡ ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಒಬ್ಬರು ಪಾಸಿಟಿವ್, ಇನ್ನೊಬ್ಬರು ನೆಗೆಟಿವ್ ಇದ್ದ ಸುಮಾರು 800 ಪುರುಷ ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. ಕಾಂಡೋಮ್ ಇಲ್ಲದೆಯೂ ಸಂಗಾತಿಯಿಂದ ಸಂಗಾತಿಗೆ ಬಂದ ಸೋಂಕು ಸೊನ್ನೆ. ಮಾಲೀಕರು ತಲೆ ಅಲ್ಲಾಡಿಸಿದರು. ಅರ್ಥವಾಯಿತು ಅಂದರು. ಅಗ್ರಿಮೆಂಟ್ ಮುಗಿದ ತಿಂಗಳು ಮುಂದುವರಿಸಲಿಲ್ಲ. ಮಗಳು ಬರುತ್ತಾಳೆ, ಕೋಣೆ ಬೇಕು ಅಂದರು.

ಹಾಗಾದರೆ ಪಾಸಿಟಿವ್ ಇರುವವರಿಗೇ ಅಂತ ಒಂದು ಕಟ್ಟಡ ಕಟ್ಟಿಬಿಡಿ ಅನ್ನುತ್ತಾರೆ ಒಳ್ಳೆಯ ಮನಸ್ಸಿನವರು. ಕೆಲವರಿಗೆ ಅದೇ ಸರಿ. ಒಂದೇ ನೋವು ಪಟ್ಟವರ ಜೊತೆ ಇದ್ದರೆ ಏನನ್ನೂ ಬಚ್ಚಿಡಬೇಕಿಲ್ಲ. ಆದರೆ ಆ ಕಟ್ಟಡಕ್ಕೆ ಬೀದಿಯಲ್ಲಿ ಒಂದು ಹೆಸರು ಬೀಳುತ್ತದೆ, ಆ ಹೆಸರು ಅಲ್ಲಿಂದ ಶಾಲೆಗೆ ಹೋಗುವ ಮಕ್ಕಳ ಬೆನ್ನಿಗೂ ಅಂಟುತ್ತದೆ. ಮತ್ತೆ ಒಂದೇ ಹಾಲ್‌ನಲ್ಲಿ ತುಂಬಾ ಹಾಸಿಗೆ ಹಾಕಿದರೆ ಟಿಬಿ ಭಯ. ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಸಾಯಿಸುವುದು ಟಿಬಿ. ಗಾಳಿಯಾಡದ ಹಾಲ್‌ನಲ್ಲಿ ಮೂವತ್ತು ಜನರನ್ನು ಮಲಗಿಸಿ ಸೂರು ಕೊಟ್ಟೆವು ಅಂದುಕೊಂಡರೆ ಅದು ನಮ್ಮ ಸಮಾಧಾನಕ್ಕೆ ಅಷ್ಟೇ. ಬೇರೆ ಬೇರೆ ಬೀದಿಗಳಲ್ಲಿ, ಎಲ್ಲರ ನಡುವೆ, ಒಂದೊಂದು ಕೋಣೆ. ನನ್ನನ್ನು ಕೇಳಿದರೆ ಅದು. ಆದರೆ ನನ್ನನ್ನು ಕೇಳುವುದಕ್ಕಿಂತ ಅಲ್ಲಿ ಇರಬೇಕಾದವರನ್ನು ಕೇಳಬೇಕು. 1983ರಲ್ಲೇ ಡೆನ್ವರ್‌ನಲ್ಲಿ ಏಡ್ಸ್ ಇದ್ದವರು ಒಟ್ಟಾಗಿ ಹೇಳಿದ್ದರು, ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಮ್ಮ ಬಗ್ಗೆ ತೀರ್ಮಾನ ಮಾಡುವ ಪ್ರತಿ ಹಂತದಲ್ಲೂ ನಮ್ಮನ್ನು ಸೇರಿಸಿಕೊಳ್ಳಿ ಅಂತ. 1994ರಲ್ಲಿ ಪ್ಯಾರಿಸ್‌ನಲ್ಲಿ 42 ದೇಶಗಳು ಅದೇ ಅರ್ಥದ ಘೋಷಣೆಗೆ ಸಹಿ ಹಾಕಿದವು. ಉಗಾಂಡದಲ್ಲಿ ಗಂಡನನ್ನು ಏಡ್ಸ್‌ನಿಂದ ಕಳೆದುಕೊಂಡ ನೊಯೆರೀನ್ ಕಲೀಬಾ 1987ರಲ್ಲಿ ಟಾಸೊ ಅನ್ನುವ ಬೆಂಬಲ ಸಂಸ್ಥೆ ಕಟ್ಟಿದ್ದು ಕಾಯಿಲೆ ಇದ್ದವರನ್ನೇ ಜೊತೆಗೆ ಸೇರಿಸಿಕೊಂಡು. ನಮ್ಮ ತಂಡದಲ್ಲೂ ಪಾಸಿಟಿವ್ ಇರುವ ಒಬ್ಬರಿದ್ದಾರೆ. ನಾನು ಅರ್ಧ ಗಂಟೆ ಹೇಳಿದರೂ ಆಗದ್ದನ್ನು ಅವರು ಜೇಬಿನಿಂದ ತಮ್ಮ ಮಾತ್ರೆ ತೆಗೆದು, "ನಂದೂ ಇದೇ, ನೋಡಣ್ಣ" ಅಂತ ಎರಡು ನಿಮಿಷದಲ್ಲಿ ಮಾಡುತ್ತಾರೆ.

ಕೋಣೆ ಸಿಕ್ಕ ಮೇಲಿನ ಮೊದಲ ತಿಂಗಳು ಕಷ್ಟದ್ದು. ಎಷ್ಟೋ ಜನ ಹಾಸಿಗೆ ಬಿಟ್ಟು ನೆಲದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ಮಲಗುತ್ತಾರೆ. ಕೆಲವರು ಹಳೆಯ ಜಾಗಕ್ಕೇ ವಾಪಸ್ ಹೋಗಿ ಎರಡು ರಾತ್ರಿ ಇದ್ದು ಬರುತ್ತಾರೆ. ಅಲ್ಲಿ ಜನ ಇದ್ದಾರೆ, ಇಲ್ಲಿ ನಾಲ್ಕು ಗೋಡೆ. ಇದನ್ನು ನೋಡಿ ಕೆಲವರು "ಇವರಿಗೆ ಎಷ್ಟು ಮಾಡಿದರೂ ಅಷ್ಟೇ" ಅಂತ ಕೈಚೆಲ್ಲುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಒಂದೇ ಕಿವಿಯಲ್ಲಿ ನಿದ್ದೆ ಮಾಡಿದವರಿಗೆ ಎರಡೂ ಕಿವಿ ಮುಚ್ಚಿ ಮಲಗುವುದು ಹೊಸದು. ಆ ತಿಂಗಳು ನಾವು ಮೊದಲಿಗಿಂತ ಜಾಸ್ತಿ ಹೋಗಬೇಕು, ಸುಮ್ನೆ ಕೂತು ಬಂದರೂ ಸಾಕು.

ಡಬ್ಬಿಗೆ ಹತ್ತಿ ತುಂಬಿದ್ದ ಅವರಿಗೆ ಕೋಣೆ ಸಿಕ್ಕಿ ಎರಡು ವರ್ಷ ಆಯಿತು. ಮೊದಲ ದಿನ ಅವರು ಕಿಟಕಿ ನೋಡಲಿಲ್ಲ, ನಲ್ಲಿ ನೋಡಲಿಲ್ಲ. ಬಾಗಿಲು ಹಾಕಿ ಒಳಗಿನ ಚಿಲಕ ಎಳೆದರು, ತೆಗೆದರು, ಮತ್ತೆ ಎಳೆದರು. ನಾನು ಹೊರಗೆ ನಿಂತಿದ್ದೆ. ಒಳಗಿಂದ ಆ ಕಬ್ಬಿಣದ ಸದ್ದು ನಾಲ್ಕೈದು ಸಲ ಕೇಳಿಸಿತು. ಆಮೇಲೆ ಬಾಗಿಲು ತೆರೆದು, "ಬನ್ನಿ ಅಕ್ಕಾ, ಒಳಗೆ ಬನ್ನಿ" ಅಂದರು.

ಮೊನ್ನೆ ಅವರೇ ಫೋನ್ ಮಾಡಿದ್ದರು. ನಲ್ಲಿ ಸೋರುತ್ತಿದೆ, ಮೂರು ದಿನದಿಂದ ಹೇಳುತ್ತಿದ್ದೇನೆ, ಯಾರೂ ಬಂದಿಲ್ಲ, ರಾತ್ರಿಯೆಲ್ಲ ಟಪ್ ಟಪ್ ಅಂತ ನಿದ್ದೆ ಬರುವುದಿಲ್ಲ ಅಂತ ಜೋರಾಗಿಯೇ ಬೈದರು. ಹೋಗಿ ನೋಡಿದೆ. ನಿಜ, ಸೋರುತ್ತಿತ್ತು. ಕಿಟಕಿ ಪಕ್ಕದ ಶೆಲ್ಫಿನಲ್ಲಿ ಬಾಚಣಿಗೆ, ಸೋಪು, ಮಾತ್ರೆ ಡಬ್ಬಿ. ಲೇಬಲ್ ಹಾಗೇ ಇದೆ, ಬರುವವರಿಗೆ ಕಾಣುವ ಹಾಗೆ ಇದೆ. ನಾನು ಡಬ್ಬಿ ಎತ್ತಿಕೊಂಡೆ. ಸದ್ದಾಗಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಹತ್ತಿ, ಹೊಸದು, ಒಣಗಿದ್ದು. ನಾನು ಏನೂ ಕೇಳಲಿಲ್ಲ. ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ. ಅವರು ಆಗಲೇ ನಲ್ಲಿಯ ಕೆಳಗೆ ಬಕೆಟ್ ಸರಿಸಿ, ವಾಷರ್ ಹೋಗಿದೆ ಅಷ್ಟೇ, ಒಂದು ವಾಷರ್ ತಂದುಕೊಟ್ಟರೆ ನಾನೇ ಹಾಕುತ್ತೇನೆ ಅನ್ನುತ್ತಿದ್ದರು.